ಬಾಡಿಗೆಯೇ ಕಂತು ಕಟ್ಟುತ್ತದೆಯೇ?

‘ಬಾಡಿಗೆ ಬರುತ್ತೆ ಸಾರ್, ಅದೇ ಇಎಂಐ ಕಟ್ಕೊಂಡು ಹೋಗುತ್ತೆ.’ ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ, ಹೆಣ್ಣೂರು, ಕನಕಪುರ ರಸ್ತೆ, ಬೆಂಗಳೂರಿನ ಯಾವ ದಿಕ್ಕಿಗೆ ಹೋದರೂ ಮಾದರಿ ಫ್ಲಾಟು ತೋರಿಸುವವರ ಬಾಯಲ್ಲಿ ಈ ಮಾತು ಬರುತ್ತದೆ. ಕೇಳಿಸಿಕೊಳ್ಳುವವರಲ್ಲಿ ಎರಡು ಬಗೆಯವರು ಹೆಚ್ಚು. ಗಂಡ ಹೆಂಡತಿ ಇಬ್ಬರೂ ದುಡಿಯುವ, ಇರಲು ಒಂದು ಮನೆ ಆಗಿರುವ, ಎರಡನೆಯದಕ್ಕೆ ಕೈಹಾಕುವ ಮೂವತ್ತೈದು ನಲವತ್ತರ ದಂಪತಿ. ಇಲ್ಲವೇ ನಿವೃತ್ತಿಯ ಹಣ ಕೈಗೆ ಬಂದು, ಬ್ಯಾಂಕಿನ ಬಡ್ಡಿಗಿಂತ ತಿಂಗಳ ಬಾಡಿಗೆಯೇ ಮೇಲು ಎಂದುಕೊಂಡ ಹಿರಿಯರು. ಇಬ್ಬರಿಗೂ ಆ ಮಾತು ಹಿತವಾಗಿ ಕೇಳುತ್ತದೆ. ಅದನ್ನು ಕಾಗದದ ಮೇಲಿಟ್ಟು ಕೂಡಿ ಕಳೆಯುವವರು ಕಡಿಮೆ. ಇಲ್ಲಿ ಆ ಕೆಲಸ ಮಾಡೋಣ.

ಒಂದು ಎರಡು ಬೆಡ್‌ರೂಮಿನ ಫ್ಲಾಟು, ಬೆಲೆ 80 ಲಕ್ಷ ಎಂದಿಟ್ಟುಕೊಳ್ಳೋಣ. ಬ್ಯಾಂಕು ಪೂರ್ತಿ ಸಾಲ ಕೊಡುವುದಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲ ಮನೆಯ ಮೌಲ್ಯದ ಶೇ 80 ಮೀರುವಂತಿಲ್ಲ. 75 ಲಕ್ಷ ದಾಟಿದರೆ ಶೇ 75. ನಮ್ಮ ಕೊಳ್ಳುವವರು 60 ಲಕ್ಷ ಸಾಲ ತೆಗೆದು 20 ಲಕ್ಷ ಕೈಯಿಂದ ಹಾಕುತ್ತಾರೆ. ಖರ್ಚು ಅಲ್ಲಿಗೆ ಮುಗಿಯುವುದಿಲ್ಲ. ಕರ್ನಾಟಕದಲ್ಲಿ 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ಸು ಸರ್ಚಾರ್ಜು ಸೇರಿ ನಗರದಲ್ಲಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2 ಆಗಿದೆ. ಒಟ್ಟು ಶೇ 7.6, ಅಂದರೆ 6 ಲಕ್ಷದ ಮೇಲೆ. ಈ ಹಣಕ್ಕೆ ಗೃಹಸಾಲ ಸಿಗದು. ಬರಿಗೋಡೆಯ ಫ್ಲಾಟಿಗೆ ಒಳ್ಳೆಯ ಬಾಡಿಗೆದಾರ ಬರುವುದಿಲ್ಲವಾದ್ದರಿಂದ ವಾರ್ಡ್‌ರೋಬು, ಅಡುಗೆಮನೆಯ ಕಬೋರ್ಡು, ಗೀಸರು, ಫ್ಯಾನು ಎಂದು 4 ಲಕ್ಷ. ಹೀಗೆ ಕೈಯಿಂದ ಹೋಗುವುದು 30 ಲಕ್ಷ, ಒಟ್ಟು ಬಂಡವಾಳ 90 ಲಕ್ಷ.

ಬಾಡಿಗೆ ತಿಂಗಳಿಗೆ 26,000 ರೂಪಾಯಿ, ಮೇಂಟೆನೆನ್ಸ್ ಸೇರಿ. ವರ್ಷಕ್ಕೆ 3.12 ಲಕ್ಷ, ಫ್ಲಾಟಿನ ಬೆಲೆಯ ಶೇ 3.9. ಬೆಂಗಳೂರಿನ ವಸತಿ ಬಾಡಿಗೆ ಬಹುಕಾಲದಿಂದ ಇರುವುದು ಈ ಶೇ 3–4ರ ಆಸುಪಾಸಿನಲ್ಲೇ. ಇದರಲ್ಲಿ ಸಂಘಕ್ಕೆ ಕಟ್ಟುವ ಮೇಂಟೆನೆನ್ಸ್ ತಿಂಗಳಿಗೆ 4,000ದಂತೆ 48,000 ಹೋಗುತ್ತದೆ. ಆಸ್ತಿ ತೆರಿಗೆ 8,000 ಎಂದುಕೊಳ್ಳೋಣ (ಬೆಂಗಳೂರಿನಲ್ಲಿ ಬಾಡಿಗೆಗೆ ಕೊಟ್ಟ ಮನೆಯ ತೆರಿಗೆ ದರ ಸ್ವಂತ ವಾಸದ ಮನೆಗಿಂತ ಹೆಚ್ಚು). ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ನಡುವೆ ವರ್ಷಕ್ಕೊಂದು ತಿಂಗಳು ಖಾಲಿ ಎಂದರೆ 26,000. ಬಣ್ಣ, ನಲ್ಲಿ, ಕೆಟ್ಟ ಗೀಸರು ಎಂದು 20,000. ಬ್ರೋಕರಿಗೆ ಎರಡು ವರ್ಷಕ್ಕೊಮ್ಮೆ ಒಂದು ತಿಂಗಳ ಬಾಡಿಗೆ, ವರ್ಷಕ್ಕೆ ಹಂಚಿದರೆ 13,000. ಇಷ್ಟೆಲ್ಲ ಕಳೆದರೆ ಉಳಿಯುವುದು 1.97 ಲಕ್ಷ. ಹಾಕಿದ 90 ಲಕ್ಷಕ್ಕೆ ಹೋಲಿಸಿದರೆ ಶೇ 2.2.

ಈಗ ಸಾಲದ ಕಡೆ ನೋಡಿ. 60 ಲಕ್ಷಕ್ಕೆ ಶೇ 8ರ ಬಡ್ಡಿ, 20 ವರ್ಷ ಎಂದರೆ ಕಂತು 50,186 ರೂಪಾಯಿ. ಮೊದಲ ತಿಂಗಳ ಕಂತಿನಲ್ಲಿ 40,000 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು ಹತ್ತು ಸಾವಿರ ಚಿಲ್ಲರೆ. ವರ್ಷದ ಕಂತು 6.02 ಲಕ್ಷ, ಬಾಡಿಗೆಯಲ್ಲಿ ಉಳಿದದ್ದು 1.97 ಲಕ್ಷ. ಮಿಕ್ಕ 4.05 ಲಕ್ಷ, ಅಂದರೆ ತಿಂಗಳಿಗೆ 33,800ರಷ್ಟು, ಸಂಬಳದಿಂದ ಬರಬೇಕು. ಕಂತಿನ ಮೂರರಲ್ಲಿ ಒಂದು ಪಾಲನ್ನು ಬಾಡಿಗೆದಾರ ಕಟ್ಟಿದರೆ ಎರಡು ಪಾಲನ್ನು ಮನೆ ಕೊಂಡವರೇ ಕಟ್ಟುತ್ತಾರೆ. ಬಾಡಿಗೆ ವರ್ಷಕ್ಕೆ ಶೇ 5ರಂತೆ ಏರುತ್ತಲೇ ಹೋದರೂ, ಖರ್ಚು ಕಳೆಯದ ಒಟ್ಟು ಬಾಡಿಗೆಯೇ ಕಂತನ್ನು ಮುಟ್ಟಲು 14 ವರ್ಷ ಬೇಕು. ಹಾಗಾದರೆ ಮೊದಲ ದಿನದಿಂದ ಬಾಡಿಗೆಯೇ ಪೂರ್ತಿ ಕಂತು ಕಟ್ಟಬೇಕಾದರೆ ಎಷ್ಟು ಸಾಲ ಮಾಡಬಹುದು? ಹತ್ತೊಂಬತ್ತೂವರೆ ಲಕ್ಷ. ಉಳಿದ ಎಪ್ಪತ್ತು ಲಕ್ಷ ಕೈಯಲ್ಲಿರಬೇಕು.

ಶೇ 8ಕ್ಕೆ ಸಾಲ ತಂದು ಶೇ 2.2 ದುಡಿಯುವ ಆಸ್ತಿಯ ಮೇಲೆ ಹಾಕಿದರೆ ಸಾಲ ಹೆಚ್ಚಿದಷ್ಟೂ ವರ್ಷದ ನಷ್ಟ ಹೆಚ್ಚುತ್ತದೆ. ಆ ನಷ್ಟವನ್ನು ತುಂಬಿಕೊಡುವುದು ಬೆಲೆಯ ಏರಿಕೆ ಮಾತ್ರ. ಆದ್ದರಿಂದ ಬೆಂಗಳೂರಿನಲ್ಲಿ ಸಾಲ ಮಾಡಿ ಫ್ಲಾಟು ಕೊಳ್ಳುವವರು ನಿಜವಾಗಿ ಬಾಡಿಗೆಯ ಮೇಲೆ ಹಣ ಹೂಡುತ್ತಿಲ್ಲ. ಬೆಲೆ ಏರುತ್ತದೆ ಎಂಬ ನಂಬಿಕೆಯ ಮೇಲೆ ಹೂಡುತ್ತಿದ್ದಾರೆ, ಆ ನಂಬಿಕೆಗೆ ತಮ್ಮ ಸಂಬಳವನ್ನು ಒತ್ತೆಯಿಡುತ್ತಿದ್ದಾರೆ. ಇದು ತಪ್ಪೆಂದು ನಾನು ಹೇಳುತ್ತಿಲ್ಲ. ತಾವು ಮಾಡುತ್ತಿರುವುದು ಇದು ಎಂದು ಅವರಿಗೆ ಗೊತ್ತಿರಬೇಕು.

ಎಷ್ಟು ಏರಬೇಕು? ವರ್ಷದ ಬಡ್ಡಿ 4.75 ಲಕ್ಷದಲ್ಲಿ ಬಾಡಿಗೆಯ 1.97 ಲಕ್ಷ ಕಳೆದರೆ 2.78 ಲಕ್ಷ. ಕೈಯಿಂದ ಹಾಕಿದ 30 ಲಕ್ಷವನ್ನು ಶೇ 6.5ಕ್ಕೆ ಠೇವಣಿ ಇಟ್ಟಿದ್ದರೆ ಬರುತ್ತಿದ್ದ 1.95 ಲಕ್ಷವನ್ನೂ ಸೇರಿಸಿದರೆ 4.73 ಲಕ್ಷ. 80 ಲಕ್ಷದ ಫ್ಲಾಟು ವರ್ಷಕ್ಕೆ ಹತ್ತಿರಹತ್ತಿರ ಶೇ 6 ಏರಿದರೆ ಅಲ್ಲಿಗಲ್ಲಿಗೆ ಸರಿ. ನೋಂದಣಿಗೂ ಮರಗೆಲಸಕ್ಕೂ ಹೋದ 10 ಲಕ್ಷವನ್ನು ಹತ್ತು ವರ್ಷಕ್ಕೆ ಹಂಚಿದರೆ ಶೇ 7. ವರ್ಷಕ್ಕೆ ಶೇ 10 ಏರಿದಾಗ ಸಾಲದ ಬಲ ಕಾಣುತ್ತದೆ: 8 ಲಕ್ಷದ ಏರಿಕೆಯಲ್ಲಿ 2.78 ಲಕ್ಷ ಕಳೆದರೂ 30 ಲಕ್ಷದ ಮೇಲೆ ಶೇ 17ರ ಗಳಿಕೆ. ಬೆಲೆ ನಿಂತಲ್ಲೇ ನಿಂತರೆ ಅದೇ 30 ಲಕ್ಷದಲ್ಲಿ ವರ್ಷಕ್ಕೆ ಶೇ 9 ಕರಗುತ್ತದೆ. ಶೇ 5 ಇಳಿದರೆ ಶೇ 22ಕ್ಕೂ ಹೆಚ್ಚು ಹೋಗುತ್ತದೆ. ಮೆಟ್ರೊ ಬಂದ ಕಡೆ ಏರಿದ ಬೆಲೆಯನ್ನು ಎಲ್ಲರೂ ಹೇಳುತ್ತಾರೆ. ಏರುವುದು ಮುಖ್ಯವಾಗಿ ನೆಲ, ಹಳೆಯದಾಗುವುದು ಕಟ್ಟಡ ಎಂಬುದನ್ನು ಹೇಳುವವರು ಕಡಿಮೆ. ಬಹುಮಹಡಿ ಕಟ್ಟಡದ ಫ್ಲಾಟಿನಲ್ಲಿ ನಿಮ್ಮ ಪಾಲಿಗೆ ಬರುವ ಅವಿಭಜಿತ ನೆಲ ಎಷ್ಟು ಚದರಡಿ ಎಂಬುದು ಕ್ರಯಪತ್ರದಲ್ಲೇ ಇರುತ್ತದೆ. ಈಜುಕೊಳ, ಜಿಮ್ಮುಗಳ ಪಟ್ಟಿಗಿಂತ ಮೊದಲು ಅದನ್ನು ಓದಬೇಕು.

ಬಡ್ಡಿಯೂ ತೆರಿಗೆಯೂ

ಈ ಲೆಕ್ಕದಲ್ಲಿ ಬಡ್ಡಿಯನ್ನು ಇಪ್ಪತ್ತು ವರ್ಷ ಶೇ 8 ಎಂದೇ ಹಿಡಿದೆ. ಅದು ಹಾಗೆ ಇರುವುದಿಲ್ಲ. 2019ರ ಅಕ್ಟೋಬರಿನಿಂದ ಬ್ಯಾಂಕುಗಳ ಹೊಸ ಚರ ಬಡ್ಡಿದರದ ಗೃಹಸಾಲಗಳು ಹೊರಗಿನ ಮಾನದಂಡಕ್ಕೆ, ಹೆಚ್ಚಾಗಿ ರೆಪೊ ದರಕ್ಕೆ, ಕಟ್ಟಿಕೊಂಡಿವೆ. ರೆಪೊ 2020ರ ಮೇಯಿಂದ ಶೇ 4 ಇತ್ತು. 2022ರ ಮೇಯಲ್ಲಿ ಏರತೊಡಗಿ 2023ರ ಫೆಬ್ರುವರಿಗೆ ಶೇ 6.5 ಮುಟ್ಟಿತು. 2021ರಲ್ಲಿ ಶೇ 7ಕ್ಕೆ 60 ಲಕ್ಷ ತೆಗೆದವರ ಕಂತು 46,500ರಷ್ಟಿತ್ತು. ದರ ಎರಡೂವರೆ ಏರಿ ಶೇ 9.5 ಆದಾಗ 60 ಲಕ್ಷದ ತಿಂಗಳ ಬಡ್ಡಿಯೇ 47,500. ಅಸಲು ಇನ್ನೂ ಅಷ್ಟಾಗಿ ತೀರಿರದಿದ್ದರೆ, ಕಂತನ್ನು ಹಾಗೇ ಬಿಟ್ಟು ಅವಧಿಯನ್ನಷ್ಟೇ ಚಾಚಿದರೆ ಬಡ್ಡಿಗೂ ಸಾಲದು. ಅಸಲು ಕರಗುವ ಬದಲು ಬೆಳೆಯುತ್ತದೆ. ಎಷ್ಟೋ ಮಂದಿಗೆ ತಮ್ಮ ಸಾಲದ ಅವಧಿ ನಿವೃತ್ತಿಯ ಆಚೆಗೆ ಹೋಗಿದೆ ಎಂದು ಗೊತ್ತಾದದ್ದು ಆಗಲೇ. 2023ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿ, ದರ ಬದಲಾದಾಗ ಕಂತು ಏರಿಸಬೇಕೇ, ಅವಧಿ ಚಾಚಬೇಕೇ ಎಂಬ ಆಯ್ಕೆಯನ್ನು ಸಾಲಗಾರರಿಗೆ ಕೊಡಬೇಕೆಂದು ಬ್ಯಾಂಕುಗಳಿಗೆ ಹೇಳಿತು. 2025ರಲ್ಲಿ ದರ ಇಳಿಯಿತು. ಇಪ್ಪತ್ತು ವರ್ಷದಲ್ಲಿ ಇಂಥ ಏರಿಳಿತ ಒಂದೇ ಸಲ ಬರುವುದಿಲ್ಲ.

‘ತೆರಿಗೆ ಉಳಿಯುತ್ತೆ’ ಎಂಬುದು ಎರಡನೆಯ ಆಮಿಷ. ಹಳೆಯ ತೆರಿಗೆ ಪದ್ಧತಿಯಲ್ಲಿ ಇದು ಸ್ವಲ್ಪ ನಿಜ. ಬಂದ ಬಾಡಿಗೆಯಲ್ಲಿ ಆಸ್ತಿ ತೆರಿಗೆ ಕಳೆದು, ಮಿಕ್ಕಿದ್ದಕ್ಕೆ ಶೇ 30ರ ವಿನಾಯಿತಿ ಕಳೆದು, ಬಡ್ಡಿಯನ್ನೂ ಕಳೆದರೆ ನಮ್ಮ ಫ್ಲಾಟಿಗೆ 2.8 ಲಕ್ಷದ ನಷ್ಟ ಕಾಣುತ್ತದೆ. ಅದರಲ್ಲಿ 2 ಲಕ್ಷದವರೆಗೆ ಸಂಬಳದ ಆದಾಯದಿಂದ ಕಳೆಯಬಹುದು. ಶೇ 30ರ ಹಂತದಲ್ಲಿರುವವರಿಗೆ ವರ್ಷಕ್ಕೆ 62,400 ಉಳಿಯುತ್ತದೆ. ಹೊಸ ಪದ್ಧತಿಯಲ್ಲಿ ಈ ನಷ್ಟವನ್ನು ಸಂಬಳದ ಎದುರು ಕಳೆಯಲು ಅವಕಾಶವೇ ಇಲ್ಲ. 2025ರ ಬಜೆಟ್ಟಿನಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲವೆಂದ ಮೇಲೆ ಸಂಬಳದಾರರಿಗೆ ಹೊಸ ಪದ್ಧತಿಯ ಸೆಳೆತ ಇನ್ನೂ ಹೆಚ್ಚಿದೆ. ಹೊಸ ಪದ್ಧತಿಗೆ ಹೋದವರ ಮುಂದೆ ಹಳೆಯ ಪದ್ಧತಿಯ ಲೆಕ್ಕ ಹಾಕಿ ತೋರಿಸುವುದನ್ನು ಮಾರುವವರು ನಿಲ್ಲಿಸಬೇಕು. ಮಾರುವಾಗಿನ ತೆರಿಗೆಯೂ ಬದಲಾಗಿದೆ: 2024ರ ಜುಲೈ 23ರ ನಂತರ ಕೊಂಡ ಆಸ್ತಿಯನ್ನು ಎರಡು ವರ್ಷ ಕಳೆದು ಮಾರಿದರೆ ಲಾಭಕ್ಕೆ ಶೇ 12.5, ಹಣದುಬ್ಬರದ ಹೊಂದಾಣಿಕೆ ಇಲ್ಲ.

ಒಂದೇ ಗಾಳಿಗೆ ಎರಡೂ

ಅಪಾಯದ ಮಾತು ಬಂದಾಗ ಜನ ಬಾಡಿಗೆದಾರ ಬಿಡದಿದ್ದರೆ, ಮನೆ ಹಾಳು ಮಾಡಿದರೆ ಎಂದು ಹೆದರುತ್ತಾರೆ. ಅವು ಸಣ್ಣ ಅಪಾಯಗಳು. ಹನ್ನೊಂದು ತಿಂಗಳ ಕರಾರು, ಮುಂಗಡದ ಹಣ, ನಾಲ್ಕು ಜನರ ವಿಚಾರಣೆ ಅವನ್ನು ಬಹುಮಟ್ಟಿಗೆ ತಡೆಯುತ್ತವೆ. ಬೆಂಗಳೂರಿಗೆ ವಿಶೇಷವಾದ ದೊಡ್ಡ ಅಪಾಯ ಬೇರೆ. ಹೊರವರ್ತುಲ ರಸ್ತೆಯ ಒಂದು ಫ್ಲಾಟಿನ ಒಡೆಯರು ಯಾರು? ಹೆಚ್ಚಿನ ಪಾಲು ಸಾಫ್ಟ್‌ವೇರ್ ಕಂಪನಿಯ ನೌಕರರು. ಬಾಡಿಗೆಗೆ ಇರುವವರು? ಅವರೂ ಅವರೇ. ಕಂಪನಿಗಳು ಜನರನ್ನು ತೆಗೆಯುವ ವರ್ಷದಲ್ಲಿ ಮನೆ ಖಾಲಿಯಾಗುವುದೂ ಕಂತು ಕಟ್ಟುವವರ ಕೆಲಸ ಅಲುಗಾಡುವುದೂ ಒಟ್ಟಿಗೆ ಆಗುತ್ತದೆ. ಮಾರಿ ಕೈತೊಳೆದುಕೊಳ್ಳೋಣ ಎಂದರೆ ಅದೇ ಕಟ್ಟಡದಲ್ಲಿ ಅದೇ ಕಾರಣಕ್ಕೆ ಇನ್ನೂ ಹತ್ತು ಜನ ಮಾರಲು ನಿಂತಿರುತ್ತಾರೆ. ಸಂಬಳ, ಬಾಡಿಗೆ, ಮನೆಯ ಬೆಲೆ ಮೂರೂ ಒಂದೇ ಉದ್ಯಮದ ಮೇಲೆ ನಿಂತಿರುವಾಗ ಹಣವನ್ನು ಬೇರೆ ಬೇರೆ ಕಡೆ ಹಾಕಿದ್ದೇವೆ ಎಂಬ ಸಮಾಧಾನಕ್ಕೆ ಆಧಾರವಿಲ್ಲ.

2020 ಇದನ್ನು ಬೇರೊಂದು ರೂಪದಲ್ಲಿ ತೋರಿಸಿತು. ಮನೆಯಿಂದಲೇ ಕೆಲಸ ಎಂದಾದಾಗ ಮಾರತ್‌ಹಳ್ಳಿ, ಬೆಳ್ಳಂದೂರು, ಬಿಟಿಎಂ ಲೇಔಟುಗಳಲ್ಲಿದ್ದವರು ಗಂಟುಮೂಟೆ ಕಟ್ಟಿ ದಾವಣಗೆರೆಗೋ ಗುಂಟೂರಿಗೋ ಹೋದರು. ಪಿಜಿಗಳು ಬರಿದಾದವು, ‘ಟು ಲೆಟ್’ ಹಲಗೆಗಳು ತಿಂಗಳುಗಟ್ಟಲೆ ತೂಗಿದವು. ಪಿಜಿ ನಡೆಸಲೆಂದೇ ಸಾಲ ಮಾಡಿ ಐದು ಮಹಡಿ ಏರಿಸಿದ್ದವರ ಕಷ್ಟ ಹೇಳತೀರದು. ರಿಸರ್ವ್ ಬ್ಯಾಂಕ್ ಆ ವರ್ಷದ ಮಾರ್ಚಿನಿಂದ ಆಗಸ್ಟಿನವರೆಗೆ ಕಂತು ಮುಂದೂಡಲು ಬಿಟ್ಟಿತಾದರೂ ಬಡ್ಡಿ ಬೆಳೆಯುತ್ತಲೇ ಇತ್ತು. 2022ರ ಕೊನೆಯ ಹೊತ್ತಿಗೆ ಕಚೇರಿಗಳು ಕರೆದವು, ಬಾಡಿಗೆ ಜಿಗಿಯಿತು. ಇಂದು ಫ್ಲಾಟು ಮಾರುವವರು ತೋರಿಸುವುದು ಆ ಜಿಗಿತವನ್ನು. ಅದಕ್ಕೆ ಮುಂಚಿನ ಎರಡು ವರ್ಷವನ್ನು ತಾಳಿಕೊಂಡವರು ಕಂತಿನ ಹಣವನ್ನು ಬೇರೆ ತೆಗೆದಿಟ್ಟಿದ್ದವರು. ನನ್ನ ಮಟ್ಟಿಗೆ ಇಲ್ಲಿ ರಿಯಾಯಿತಿ ಇಲ್ಲ: ಒಂದು ವರ್ಷದ ಪೂರ್ತಿ ಕಂತು, ನಮ್ಮ ಉದಾಹರಣೆಯಲ್ಲಿ 6 ಲಕ್ಷ, ಬ್ಯಾಂಕಿನಲ್ಲಿ ಮುಟ್ಟದೆ ಇಡಲಾಗದಿದ್ದರೆ ಆ ಫ್ಲಾಟು ಕೊಳ್ಳಬಾರದು.

ಮೇಲಿನ ಮಹಡಿಯ ಲೆಕ್ಕ

ಹಾಗಾದರೆ ಬಾಡಿಗೆಯಿಂದಲೇ ಬದುಕು ಕಟ್ಟಿಕೊಂಡ ಸಾವಿರಾರು ಕುಟುಂಬಗಳು ಬೆಂಗಳೂರು, ಮೈಸೂರುಗಳಲ್ಲಿ ಇರುವುದು ಹೇಗೆ? ಅವರು ಫ್ಲಾಟು ಕೊಂಡವರಲ್ಲ. ತಂದೆಗೆ ಬಿಡಿಎಯಿಂದಲೋ ಗೃಹನಿರ್ಮಾಣ ಸಹಕಾರ ಸಂಘದಿಂದಲೋ ಬಂದ ಮೂವತ್ತು ನಲವತ್ತರ ಸೈಟಿನಲ್ಲಿ ಕೆಳಗೆ ತಾವಿದ್ದು ಮೇಲೆ ಕಟ್ಟಿ ಬಾಡಿಗೆಗೆ ಕೊಟ್ಟವರು. ವಠಾರದ ಕಾಲದಿಂದ ಈ ಊರಿನ ಬಾಡಿಗೆ ವ್ಯವಹಾರ ನಿಂತಿರುವುದು ಇಂಥವರ ಮೇಲೆ.

ಮೇಲೆ 1,800 ಚದರಡಿ, ಚದರಡಿಗೆ 2,200 ರೂಪಾಯಿಯಂತೆ, 40 ಲಕ್ಷಕ್ಕೆ ಕಟ್ಟಿದರು ಎನ್ನೋಣ. ಮೂರು ಸಣ್ಣ ಮನೆ, ಒಂದೊಂದಕ್ಕೆ 14,000. ತಿಂಗಳಿಗೆ 42,000, ವರ್ಷಕ್ಕೆ 5.04 ಲಕ್ಷ. ಕಟ್ಟಿದ ಖರ್ಚಿನ ಶೇ 12.6. ಹತ್ತು ಲಕ್ಷ ಕೈಯಿಂದ ಹಾಕಿ 30 ಲಕ್ಷವನ್ನು 15 ವರ್ಷಕ್ಕೆ ಸಾಲ ತೆಗೆದರೆ ಕಂತು 28,700ರ ಹತ್ತಿರ. ತೆರಿಗೆ, ರಿಪೇರಿ, ಖಾಲಿ ತಿಂಗಳುಗಳಿಗೆ 7,000 ತೆಗೆದರೂ 35,000 ಉಳಿಯುತ್ತದೆ. ಇಲ್ಲಿ ಬಾಡಿಗೆ ನಿಜವಾಗಿಯೂ ಕಂತು ಕಟ್ಟುತ್ತದೆ, ಮೇಲೆ ಮನೆಖರ್ಚಿಗೂ ಆರು ಸಾವಿರ ಬರುತ್ತದೆ. ಮೂರರಲ್ಲಿ ಒಂದು ಮನೆ ಖಾಲಿಯಾದರೂ ಎರಡು ಮನೆಯ ಬಾಡಿಗೆ ಬರುತ್ತಿರುತ್ತದೆ. ಒಂದೇ ಫ್ಲಾಟಿನ ಒಡೆಯರಿಗೆ ಖಾಲಿ ಎಂದರೆ ಪೂರ್ತಿ ಖಾಲಿ.

ನೆಲದ ಬೆಲೆ ಹಿಡಿಯಲಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು, ಕೇಳಲೇಬೇಕು. ಚದರಡಿಗೆ 8,000ದಂತೆ 1,200 ಚದರಡಿ ನೆಲ 96 ಲಕ್ಷ. ಅದನ್ನೂ ಸೇರಿಸಿದರೆ ಗಳಿಕೆ ಶೇ 3.7ಕ್ಕೆ ಇಳಿದು ಫ್ಲಾಟಿನ ಸಾಲಿಗೇ ಬರುತ್ತದೆ. ಎರಡು ಲೆಕ್ಕವೂ ಸರಿ. ಯಾವ ತೀರ್ಮಾನಕ್ಕೆ ಯಾವುದು ಎಂಬುದು ಮುಖ್ಯ. ಸೈಟು ಮಾರುವ ಯೋಚನೆಯೇ ಇಲ್ಲದೆ ಅಲ್ಲೇ ವಾಸವಿರುವವರಿಗೆ ಮೇಲೆ ಕಟ್ಟಬೇಕೇ ಬೇಡವೇ ಎಂಬುದಷ್ಟೇ ಪ್ರಶ್ನೆ, ಅವರಿಗೆ ಶೇ 12.6ರ ಲೆಕ್ಕ. ಈಗ ಹೊಸದಾಗಿ ನೆಲ ಕೊಂಡು ಬಾಡಿಗೆ ಕಟ್ಟಡ ಎಬ್ಬಿಸುವವರಿಗೆ ಶೇ 3.7ರದ್ದು. ನೆರೆಯವರ ಮೂರು ಮಹಡಿ ನೋಡಿ ಸಾಲಕ್ಕೆ ಇಳಿಯುವವರು ಈ ಎರಡನ್ನು ಕಲಸುತ್ತಾರೆ.

ಮಂಜೂರಾದ ನಕ್ಷೆ ಮೀರಿ ಇನ್ನೊಂದು ಮಹಡಿ ಏರಿಸುವ ಆಸೆ ಇಲ್ಲಿನ ಅಪಾಯ. 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಸ್ವಾಧೀನಾನುಭವ ಪತ್ರ, ಜನ ಹೇಳುವ ಒಸಿ, ಇಲ್ಲದ ಕಟ್ಟಡಕ್ಕೆ ವಿದ್ಯುತ್ತು ನೀರು ಕೊಡಬಾರದು, ಬ್ಯಾಂಕುಗಳೂ ಅದನ್ನು ನೋಡಿಯೇ ಸಾಲ ಕೊಡಬೇಕು ಎಂದಿತು. ಅದರ ಬೆನ್ನಿಗೆ ಬೆಂಗಳೂರಿನಲ್ಲಿ ಎಷ್ಟೋ ಹೊಸ ಕಟ್ಟಡಗಳು ಬೆಸ್ಕಾಂ ಸಂಪರ್ಕಕ್ಕಾಗಿ ಕಾದು ನಿಂತವು. ಸಣ್ಣ ನಿವೇಶನಗಳಿಗೆ ಸರ್ಕಾರ ಆಮೇಲೆ ವಿನಾಯಿತಿ ಕೊಟ್ಟಿತು. ಅದನ್ನು ನಂಬಿ ನಕ್ಷೆ ಮೀರುವುದು ಬೇಡ.

ಭೋಗ್ಯದ ಬಗ್ಗೆಯೂ ಹೇಳಬೇಕು. ಬಾಡಿಗೆಯಿಲ್ಲ, ಒಂದೇ ಗಂಟು, ಮೂರು ವರ್ಷ ಬಿಟ್ಟು ಬಡ್ಡಿಯಿಲ್ಲದೆ ವಾಪಸು. ತಿಂಗಳಿಗೆ 20,000 ಬಾಡಿಗೆ ಬರುವ ಮನೆಯನ್ನು 20 ಲಕ್ಷಕ್ಕೆ ಭೋಗ್ಯಕ್ಕೆ ಕೊಟ್ಟು, ಆ ಹಣದಲ್ಲಿ ಶೇ 8ರ ಸಾಲ ತೀರಿಸಿದರೆ ತಿಂಗಳಿಗೆ 13,300ರ ಬಡ್ಡಿ ತಪ್ಪುತ್ತದೆ. ಮಾಲೀಕರಿಗೆ ಬಾಡಿಗೆಗಿಂತ ಆರೂವರೆ ಸಾವಿರ ಕಡಿಮೆ. ಭೋಗ್ಯಕ್ಕೆ ಇರುವವರಿಗೆ ಲಾಭ: 20 ಲಕ್ಷದ ಠೇವಣಿ ಬಡ್ಡಿ 10,800 ಬಿಟ್ಟು 20,000ದ ಬಾಡಿಗೆ ಉಳಿಸುತ್ತಾರೆ. ಆದರೂ ಮಾಲೀಕರು ಕೊಡುವುದು ಕಂತಿನ ಒತ್ತಡ ತಡೆಯಲಾರದೆ, ಬ್ಯಾಂಕು ಇನ್ನು ಸಾಲ ಕೊಡದಾಗ. ಆಮೇಲೆ ಮರಳಿಸಬೇಕಾದ 20 ಲಕ್ಷ ಮುಂದಿನ ಭೋಗ್ಯದವರಿಂದ ಬರಬೇಕು. ಆ ಸರಪಳಿ ಒಂದು ಕಡೆ ಕಡಿದರೆ ಪೆಟ್ಟು ಬೀಳುವುದು ಜೀವಮಾನದ ಉಳಿತಾಯ ಕೊಟ್ಟು ಒಳಗೆ ಕುಳಿತ ಕುಟುಂಬಕ್ಕೆ. ಮನೆ ಮೊದಲೇ ಬ್ಯಾಂಕಿಗೆ ಅಡವಾಗಿದ್ದು ಕಂತು ನಿಂತರೆ, 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಮನೆಯನ್ನು ವಶಕ್ಕೆ ತೆಗೆದುಕೊಳ್ಳುತ್ತದೆ. ಬ್ಯಾಂಕಿನ ಒಪ್ಪಿಗೆಯಿಲ್ಲದೆ ಮಾಡಿಕೊಂಡ ಭೋಗ್ಯದ ಕರಾರು ಅವರನ್ನು ಕಾಪಾಡುವುದು ಕಷ್ಟ. ಇನ್ನೊಬ್ಬರ ಗಂಟನ್ನು ಹೀಗೆ ಅಪಾಯಕ್ಕೆ ಒಡ್ಡಿ ತನ್ನ ಕಂತು ಸರಿದೂಗಿಸುವುದು ನ್ಯಾಯವಲ್ಲ. ಬಾಡಿಗೆಯ ಮುಂಗಡಕ್ಕೂ ಈ ಮಾತು ಸಲ್ಲುತ್ತದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಪಡೆದವರು ಅದನ್ನು ಖರ್ಚು ಮಾಡಿಬಿಟ್ಟು, ಬಿಡುವವರಿಗೆ ‘ಹೊಸಬರು ಬರಲಿ, ಕೊಡ್ತೀನಿ’ ಎನ್ನುವುದನ್ನು ಕೇಳಿದ್ದೇವೆ. ಅದು ಠೇವಣಿಯಲ್ಲಿ ಕೂತಿರಬೇಕಾದ ಹಣ.

ಹೊರದೇಶದಲ್ಲಿರುವ ಕನ್ನಡಿಗರಿಗೆ ಒಂದು ಎಚ್ಚರಿಕೆ. ಇಲ್ಲಿರುವ ಮಾಲೀಕರಾದರೆ ತಿಂಗಳಿಗೆ 50,000 ಮೀರಿದ ಬಾಡಿಗೆಗೆ ಮಾತ್ರ ಬಾಡಿಗೆದಾರರು ಶೇ 2 ಟಿಡಿಎಸ್ ಹಿಡಿಯಬೇಕು. ಮಾಲೀಕರು ಅನಿವಾಸಿಗಳಾದರೆ ಮೊತ್ತ ಎಷ್ಟೇ ಇರಲಿ, ಸೆಸ್ಸು ಸೇರಿ ಶೇ 31.2 ಹಿಡಿದು ಕಟ್ಟಬೇಕು. ಇದು ಗೊತ್ತಿಲ್ಲದ ಬಾಡಿಗೆದಾರರು ನೋಟಿಸು ಬಂದಾಗ ಕಂಗಾಲಾಗುತ್ತಾರೆ, ಗೊತ್ತಿದ್ದವರು ಅಂಥ ಮನೆಯೇ ಬೇಡ ಎನ್ನುತ್ತಾರೆ.

ದೊಡ್ಡ ಕಟ್ಟಡಗಳ ಬಾಡಿಗೆಯಲ್ಲಿ ಪಾಲು ಬೇಕು, ಇಡೀ ಫ್ಲಾಟಿನ ಹೊರೆ ಬೇಡ ಎನ್ನುವವರಿಗೆ ಈಗ ರೀಟ್ (ರಿಯಲ್ ಎಸ್ಟೇಟ್ ಹೂಡಿಕೆ ಟ್ರಸ್ಟ್) ಇದೆ. ಬೆಂಗಳೂರಿನ ಮಾನ್ಯತಾ ಬಿಸಿನೆಸ್ ಪಾರ್ಕ್ ಇರುವ ಎಂಬಸಿ ಆಫೀಸ್ ಪಾರ್ಕ್ಸ್ ರೀಟ್ 2019ರಲ್ಲಿ ಷೇರುಪೇಟೆಗೆ ಬಂತು, ದೇಶದಲ್ಲಿ ಮೊದಲನೆಯದು. ಹಂಚಬಹುದಾದ ನಗದಿನಲ್ಲಿ ಕನಿಷ್ಠ ಶೇ 90ನ್ನು ಯೂನಿಟ್ ಉಳ್ಳವರಿಗೆ ಹಂಚಲೇಬೇಕೆಂಬ ನಿಯಮವಿದೆ. ಯೂನಿಟ್ಟಿನ ಬೆಲೆ ದಿನವೂ ಏರಿಳಿಯುತ್ತದೆ, ಆ ಕಚೇರಿಗಳು ನಿಂತಿರುವುದೂ ಅದೇ ಸಾಫ್ಟ್‌ವೇರ್ ಉದ್ಯಮದ ಮೇಲೆ. ಆದರೆ ಮಗಳ ಮದುವೆಗೆ ಐದು ಲಕ್ಷ ಬೇಕಾದಾಗ ಐದು ಲಕ್ಷದಷ್ಟನ್ನೇ ಮಾರಬಹುದು. ಫ್ಲಾಟಿನ ಒಂದು ಕೋಣೆಯನ್ನು ಮಾರಲಾಗುವುದಿಲ್ಲ.

ಇಷ್ಟಾದ ಮೇಲೂ ಫ್ಲಾಟೇ ಬೇಕೆನ್ನುವವರು ಮುಂಗಡ ಕೊಡುವ ಮೊದಲು ಆ ಕಟ್ಟಡಕ್ಕೋ ಪಕ್ಕದ್ದಕ್ಕೋ ಒಂದು ವಾರದ ದಿನ ಸಂಜೆ ಹೋಗಬೇಕು. ಬಾಡಿಗೆ ಎಷ್ಟು ಬರುತ್ತದೆಂದು ಬ್ರೋಕರನ್ನು ಬಿಟ್ಟು ಅಲ್ಲಿ ಬಾಡಿಗೆಗೆ ಇರುವವರನ್ನು ಕೇಳಬೇಕು. ಎಷ್ಟು ಮನೆಗೆ ಬೀಗ ಬಿದ್ದಿದೆ ಎಂಬುದು ಕಾವಲಿನವರಿಗೆ ಗೊತ್ತಿರುತ್ತದೆ. ಕಾವೇರಿ ನೀರಿನ ಸಂಪರ್ಕ ಇದೆಯೇ, 2024ರ ಮಾರ್ಚಿನಲ್ಲಿ ಟ್ಯಾಂಕರಿಗೆ ಎಷ್ಟು ಹಣ ಹೋಯಿತು ಎಂಬುದು ಸಂಘದ ಲೆಕ್ಕಪುಸ್ತಕದಲ್ಲಿರುತ್ತದೆ. ಸರ್ಜಾಪುರ ರಸ್ತೆಯ ಆಸುಪಾಸಾದರೆ 2022ರ ಸೆಪ್ಟೆಂಬರಿನ ಮಳೆಯಲ್ಲಿ ನೆಲಮಾಳಿಗೆಗೆ ನೀರು ಎಲ್ಲಿಯವರೆಗೆ ಬಂದಿತ್ತೆಂದು ಕೇಳಬೇಕು. ಇ–ಖಾತಾ, ಒಸಿ, ರೇರಾ ಸಂಖ್ಯೆಗಳನ್ನು ವಕೀಲರ ಕೈಗೆ ಕೊಟ್ಟು, ಅಲ್ಲಿ ಸಿಕ್ಕ ನಿಜವಾದ ಬಾಡಿಗೆ ಹಾಕಿ ಲೆಕ್ಕವನ್ನು ಮೊದಲಿನಿಂದ ಮತ್ತೆ ಬರೆಯಬೇಕು. ಮಾರುವವರ ಜೊತೆ ಬೆಲೆ ಮಾತಾಡಲು ಕೂರುವಾಗ ಆ ಹಾಳೆ ಕೈಯಲ್ಲಿರಲಿ.